ಒಂದೇ ಥಾನಿನವರು

ನವೆಂಬರ್ 4

ಚಿಕ್ಕ ಸೊಸೆಗೆ,

ಹಬ್ಬದ ಬಟ್ಟೆಯ ಥಾನು ಬಂದಿದೆ. ಈ ವರ್ಷ ಗಾಢ ಹಸಿರು. ಬಟ್ಟೆ ಅಂಗಡಿಯವನು ಕೆಂಪು ಕೆಂಪು ಎಂದು ಜೀವ ತಿಂದ. "ಕೆಂಪು ಹಾಕ್ಕೊಂಡು ಸಾಲಾಗಿ ನಿಂತ್ರೆ ಬ್ಯಾಂಡಿನವರು ಬಂದ್ರು ಅಂತಾರೆ, ಮಡಚಿ ಒಳಗಿಡಪ್ಪಾ" ಎಂದೆ. ಹಸಿರನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದಾಗ ಹೊಸ ಬಟ್ಟೆಯ ಗಂಜಿ ವಾಸನೆ ನಮ್ಮ ಹೊಲಿಗೆ ಅಂಗಡಿಯೆಲ್ಲ ತುಂಬಿತು. ನನಗೆ ಕ್ರಿಸ್‌ಮಸ್ ಬರುವುದು ಆಗಲೇ, ಬಾಗಿಲಿಗೆ ನಕ್ಷತ್ರ ಕಟ್ಟಿದ ಮೇಲಲ್ಲ.

ನಿನ್ನದು, ಚೋಟುವಿನದು, ಅವಳ ಅಪ್ಪನದು, ಮೂವರ ಅಳತೆಯೂ ಈ ತಿಂಗಳ ಹದಿನೈದರೊಳಗೆ ನನ್ನ ಕೈ ಸೇರಬೇಕು. ಫೋನಿನಲ್ಲಿ ಹೇಳಬೇಡ. ಹಬ್ಬ ಮುಗಿಯುವವರೆಗೆ ಮೆಷಿನುಗಳ ಸದ್ದಿನಲ್ಲಿ ಫೋನು ಎತ್ತುವವರು ಇಲ್ಲಿ ಯಾರೂ ಇಲ್ಲ, ಕಾಗದವಾದರೆ ಮೇಜಿಗೆ ಪಿನ್ನು ಚುಚ್ಚಿ ಇಟ್ಟುಕೊಳ್ಳಬಹುದು. ಅಳತೆ ಸರಿಯಾಗಿರಲಿ. ಇದು ಹೊಳಪಿನ ಬಟ್ಟೆ. ಒಮ್ಮೆ ಸೂಜಿ ಹೊಕ್ಕರೆ ತೂತು ಉಳಿಯುತ್ತದೆ, ಬಿಚ್ಚಿ ಹೊಲಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಹೋದ ವರ್ಷ ನೀನು ಡ್ಯೂಟಿ ಎಂದು ಸಂಜೆ ಬಂದೆ. ಬೆಳಗಿನ ಆರಾಧನೆಯಲ್ಲಿ ನನ್ನ ಎಡಗಡೆಯ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಪಾದ್ರಿಯವರ ಹೆಂಡತಿ ಎಲ್ಲರ ಮುಂದೆ, "ನಿಮ್ಮ ನರ್ಸಮ್ಮ ಎಲ್ಲಿ ಕಾಣ್ತಾ ಇಲ್ವಲ್ಲ?" ಎಂದರು. ನಾನು ಉತ್ತರ ಹೇಳಬೇಕಾದ ಪ್ರಸಂಗ ಈ ಮನೆಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಮನೆಯವರೆಲ್ಲರಿಗೂ ಒಂದೇ ಥಾನಿನ ಬಟ್ಟೆ, ಮುಂದಿನ ಸಾಲಿನಲ್ಲಿ ಒಟ್ಟಿಗೆ ನಿಲ್ಲುವುದು. ಇದು ನಿನ್ನ ಮಾವ ಮಾಡಿಟ್ಟು ಹೋದ ನಿಯಮ. "ನಮ್ಮೋರು ಯಾರು ಅಂತ ಬಾಯಲ್ಲಿ ಯಾಕೆ ಹೇಳ್ಬೇಕು? ಬಟ್ಟೆನೇ ಹೇಳುತ್ತೆ" ಎನ್ನುತ್ತಿದ್ದರು. ಅವರು ತೀರಿಹೋದ ವರ್ಷವೂ ನಾನು ಅದನ್ನು ತಪ್ಪಿಸಲಿಲ್ಲ. ಕಣ್ಣು ಒರೆಸಿಕೊಂಡು ಕಾಲರ್ ಹೊಲಿದೆ.

ಈ ಸಲ ಡ್ಯೂಟಿಯ ಮಾತು ನನ್ನ ಕಿವಿಗೆ ಬೀಳಬಾರದು. ರೋಗಿಗಳು ವರ್ಷವಿಡೀ ಇರುತ್ತಾರೆ.

ನಿನ್ನ ಅತ್ತೆ

ನವೆಂಬರ್ 13

ಅತ್ತೆಯವರಿಗೆ ನಮಸ್ಕಾರಗಳು.

ಅಳತೆಗಳನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಚೋಟು ಇನ್ನು ಚೋಟು ಅಲ್ಲ, ನನ್ನ ಭುಜ ಮುಟ್ಟಲು ಬಂದಿದ್ದಾಳೆ. ಹಸಿರು ಎಂದು ಕೇಳಿದ್ದೇ ತಡ, "ನಾನು ಕ್ರಿಸ್‌ಮಸ್ ಮರ, ಅಪ್ಪ ಮರ, ಅಮ್ಮ ಮರ, ಅಜ್ಜಿ ಎಲ್ಲಾರ್ಗಿಂತ ದೊಡ್ಡ ಮರ" ಎಂದು ಮನೆ ತುಂಬ ಕುಣಿದಳು. ಟೇಪಿನ ಒಂದು ತುದಿ ಹಿಡಿದವಳು ಅವಳೇ.

ಇವರು ಹೊಲಿಗೆ ಮೆಷಿನು ಮಾರಿಕೊಂಡು ಊರೂರು ಸುತ್ತುತ್ತಿದ್ದಾರೆ. ಹಬ್ಬಕ್ಕೆ ಹೇಗೋ, ಈಗಲೇ ಹೇಳಲಾರೆ.

ಮಕ್ಕಳ ವಾರ್ಡಿನಲ್ಲಿ ಆಗಲೇ ಹಬ್ಬ ಶುರುವಾಗಿದೆ. ಹತ್ತಿಯನ್ನು ಹಿಮದ ಹಾಗೆ ಕಿಟಕಿಗೆಲ್ಲ ಅಂಟಿಸಿದ್ದಾರೆ. ಗಾಯಕ್ಕೆ ಹತ್ತಿ ಸಾಲದೆ ಬಂದರೆ ನಮ್ಮ ಹೆಡ್ ನರ್ಸು, "ಹೋಗೇ, ಕಿಟಕಿಯಿಂದ ಸ್ವಲ್ಪ ಹಿಮ ಕಿತ್ಕೊಂಡ್ ಬಾ" ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ಈ ತಿಂಗಳುಗಳು ಬಂದರೆ ನನಗೆ ಖುಷಿಯೂ ಆಗುತ್ತದೆ, ಅಳುಕೂ ಆಗುತ್ತದೆ. ಹಬ್ಬದ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಕನ್ನಡಿಯ ಮುಂದೆ ನೀವು ಒಬ್ಬೊಬ್ಬರನ್ನೇ ನಿಲ್ಲಿಸಿ ಅಂಚು, ಗುಂಡಿ, ಮುಖ ಎಲ್ಲ ನೋಡುತ್ತೀರಲ್ಲ, ನರ್ಸಿಂಗ್ ಪರೀಕ್ಷೆಯಲ್ಲೂ ನಾನು ಅಷ್ಟು ಹೆದರಿರಲಿಲ್ಲ. ಆದರೆ ಮೊದಲ ಹಾಡಿಗೆ ನನ್ನ ಪಕ್ಕದಲ್ಲಿ ನಿಮ್ಮ ದಪ್ಪ ದನಿ ಎದ್ದಾಗ ಎಲ್ಲ ಇಳಿದುಹೋಗುತ್ತದೆ. ಅನಾಥಾಲಯದಲ್ಲಿ ಬೆಳೆದವಳು ನಾನು. ತವರು ಅಂತ ನನಗೆ ಇರುವುದು ಆ ಸಾಲೊಂದೇ.

ಡ್ಯೂಟಿ ಪಟ್ಟಿ ಇನ್ನೂ ಹಾಕಿಲ್ಲ. ಪ್ರಯತ್ನ ಮಾಡುತ್ತೇನೆ.

ನಿಮ್ಮ ಸೊಸೆ

ನವೆಂಬರ್ 21

ಚಿಕ್ಕ ಸೊಸೆಗೆ,

ಚೀಟಿ ತಲುಪಿತು. ಮೊದಲು ನಗು ಬಂತು, ಆಮೇಲೆ ಸಿಟ್ಟು. ನನ್ನ ಮಗನ ಕೊರಳು, ಎದೆ, ತೋಳು ಎಲ್ಲ ಹೋದ ವರ್ಷ ನಾನೇ ಹೊಲಿದ ಷರ್ಟಿನ ಅಳತೆ. ನೂಲಿನಷ್ಟೂ ಆಚೀಚೆ ಇಲ್ಲ. ನಲವತ್ತು ದಾಟಿದ ಗಂಡಸು ವರ್ಷದಲ್ಲಿ ಒಂದಿಷ್ಟು ಹಿಗ್ಗಬೇಕು, ಇಲ್ಲ ಕುಗ್ಗಬೇಕು. ಗೋಡೆಯೇ ಅವನು? ನೀನು ಅಳೆದದ್ದು ಮೊಳೆಗೆ ನೇತುಹಾಕಿದ ಷರ್ಟನ್ನು, ಗಂಡನನ್ನಲ್ಲ. ಇಷ್ಟು ವರ್ಷ ಟೇಪು ಹಿಡಿದ ಕೈಗೆ ಸುಳ್ಳು ಹೇಳಲು ಬಂದೆಯಾ?

ಪರರ ಮಕ್ಕಳ ಜ್ವರ ನೋಡಲು ನಿನಗೆ ಕೈ ಬರುತ್ತದೆ. ಕಟ್ಟಿಕೊಂಡವನ ಕೊರಳಿಗೆ ಒಂದು ಟೇಪು ಸುತ್ತಲು ಪುರಸೊತ್ತಿಲ್ಲ. ದೊಡ್ಡ ಸೊಸೆಗೆ ಚೀಟಿ ತೋರಿಸಿದೆ. "ಬಿಡಿ ಅತ್ತೆ, ಅವಳಿಗೆ ಗಂಡ ಅಂದ್ರೆ ಒಂದು ಹ್ಯಾಂಗರ್" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗುಂಡಿಗೆ ಕಾಜಾ ಹಾಕುವ ಮುದುಕನಂತೂ ಕೆಮ್ಮು ಬರುವಷ್ಟು ನಕ್ಕ. ನಾನು ನಗಲಿಲ್ಲ.

ಕೆಲಸ ತಲೆಯ ಮೇಲೆ ಬಂದು ಕೂತಿದೆ. ಊರಿನವರಿಗೆಲ್ಲ ಹಬ್ಬ ಹತ್ತಿರ ಬಂದಾಗಲೇ ನೆನಪಾಗುತ್ತದೆ. "ಅಮ್ಮಾ, ನಾಳೆ ಕೊಡ್ತೀರಾ?" ಎಂದು ಕೇಳುವವರಿಗೆ, "ಕ್ರಿಸ್‌ಮಸ್ ಈ ವರ್ಷ ಹೊಸದಾಗಿ ಬಂತಾ ನಿಮಗೆ?" ಎಂದು ಕೇಳುತ್ತೇನೆ. ಆದರೂ ಬಾಗಿಲು ಮುಚ್ಚಿದ ಮೇಲೆ ಹಸಿರು ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡದೆ ಮೇಲೆ ಹತ್ತುವುದಿಲ್ಲ.

ಅವನು ಮನೆಗೆ ಬಂದ ದಿನ ನಿಲ್ಲಿಸಿ ಅಳೆದು ಕಳಿಸು.

ನಿನ್ನ ಅತ್ತೆ

ನವೆಂಬರ್ 28

ಅತ್ತೆಯವರಿಗೆ ನಮಸ್ಕಾರಗಳು.

ಷರ್ಟನ್ನೇ ಅಳೆದದ್ದು ನಿಜ. ನಿಂತಿದ್ದರೆ ಅವರನ್ನೇ ಅಳೆಯುತ್ತಿದ್ದೆ. ಸುಳ್ಳು ಹೇಳಬೇಕೆಂದು ಮಾಡಿದ್ದಲ್ಲ.

ಆ ಚೀಟಿಯನ್ನು ನೀವು ಅಂಗಡಿಯಲ್ಲಿ ತೋರಿಸಬಾರದಿತ್ತು. ಅಕ್ಕನ ಬಾಯಿ ನನಗೆ ಗೊತ್ತು, ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ನಿಮ್ಮ ಕೈಗೆಂದು ಬರೆದದ್ದನ್ನು ಹತ್ತು ಜನ ನೋಡಿ ನಕ್ಕರು ಎಂದು ನೀವೇ ಬರೆದಿರಿ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಒಂದು ಒಳ್ಳೆಯ ಸುದ್ದಿ. ಕ್ರಿಸ್‌ಮಸ್‌ಗೆ ರಜೆ ಸಿಕ್ಕಿದೆ. ಹೊಸ ವರ್ಷದ ವಾರವಿಡೀ ರಾತ್ರಿ ಪಾಳಿ ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡೆ. ಹೆಡ್ ನರ್ಸು, "ಅಷ್ಟೊಂದು ಆಸೆ ಏನೇ ಆ ಮನೆ ಮೇಲೆ? ಹೋಗು ಮಾರಾಯ್ತಿ" ಎಂದು ಸಹಿ ಹಾಕಿದರು. ಚೋಟು ದಿನವೂ ಹಾಡು ಅಭ್ಯಾಸ ಮಾಡುತ್ತಿದ್ದಾಳೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವಷ್ಟು ಜೋರಾಗಿ.

ಇವರ ಷರ್ಟನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಬೇರೆಯವರದು ಮುಗಿಸಿ.

ನಿಮ್ಮ ಸೊಸೆ

ಡಿಸೆಂಬರ್ 6

ಚಿಕ್ಕ ಸೊಸೆಗೆ,

ಅಳತೆ ಸಿಕ್ಕಿತು. ಇನ್ನು ನೀನು ಕಳಿಸಬೇಕಾಗಿಲ್ಲ. ಕಾಲರ್ ಅರ್ಧ ಇಂಚು ಹೆಚ್ಚಿಸಿದೆ, ಹೊಟ್ಟೆಯ ಹತ್ತಿರವೂ ಬಿಟ್ಟಿದ್ದೇನೆ. ಷರ್ಟು ಹೊಲಿದು ಇಸ್ತ್ರಿಯೂ ಆಯಿತು.

ಚೋಟುವಿನ ಫ್ರಾಕು ಮುಗಿದಿದೆ. ಕಾಲರಿಗೆ ಬಿಳಿ ಲೇಸು ಇಟ್ಟಿದ್ದೇನೆ. ನಿನ್ನ ಗೌನಿಗೆ ಗುಂಡಿ ಹಾಕುವುದು ಬಾಕಿ.

ಗಂಡ ಹೆಂಡತಿ ಎಂದ ಮೇಲೆ ಮಾತು ಬರುತ್ತದೆ. ಹೆಂಗಸು ಒಂದು ಮಾತು ನುಂಗಿಕೊಂಡರೆ ಮನೆ ಉಳಿಯುತ್ತದೆ. ನಿನ್ನ ಮಾವನಿಗೂ ಸಿಟ್ಟಿತ್ತು, ನಾನೂ ನುಂಗಿದ್ದೇನೆ. ಯಾಕೆ ಬರೆದೆ ಎಂದು ಕೇಳಬೇಡ, ಸುಮ್ಮನೆ ಬರೆದೆ.

ನಿನ್ನ ಅತ್ತೆ

ಡಿಸೆಂಬರ್ 10

ಅತ್ತೆ,

ಕಾಲರ್ ಅರ್ಧ ಇಂಚು ಹೆಚ್ಚಾಗಿದೆ ಎಂದರೆ ಅವರು ನಿಮ್ಮ ಅಂಗಡಿಗೆ ಬಂದು ನಿಮ್ಮೆದುರು ನಿಂತಿದ್ದಾರೆ. ಚೆನ್ನಾಗಿ ಊಟ ಮಾಡುತ್ತಿದ್ದಾರೆ ಎಂದೂ ಗೊತ್ತಾಯಿತು. ನಾನು ಯಾವ ಮಾತನ್ನು ನುಂಗಲಿಲ್ಲ ಎಂದು ಅವರು ನಿಮಗೆ ಹೇಳಿದರೋ ತಿಳಿಯದು.

ಅವರು ಮನೆ ಬಿಟ್ಟು ಹೋದದ್ದು ಜೂನ್‌ನಲ್ಲಿ. ಜಗಳವಿಲ್ಲ, ಕೂಗಾಟವಿಲ್ಲ. ಮೆಷಿನು ಕೊಂಡ ಒಬ್ಬ ಹೆಂಗಸಿನ ಮನೆಯಲ್ಲಿದ್ದಾರೆ. ಹೋಗುವಾಗ ಚೋಟುವಿಗೆ, "ಟೂರ್ ಹೋಗ್ತಾ ಇದೀನಿ ಪುಟ್ಟಾ, ಅಮ್ಮನ್ನ ನೋಡ್ಕೋ" ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ದಾಟಿಕೊಂಡು ಹೋದರು. ಅವಳು ಇನ್ನೂ ಟೂರ್ ಎಂದೇ ನಂಬಿದ್ದಾಳೆ. ಅವಳೆದುರು ಆ ಷರ್ಟಿಗೆ ಟೇಪು ಹಿಡಿಯದೆ ಬೇರೆ ದಾರಿ ನನಗಿರಲಿಲ್ಲ.

ನಿಮಗೆ ಬರೆಯಲು ಎಷ್ಟೋ ಸಲ ಕೂತೆ. ಬರೆದರೆ ಹಬ್ಬಕ್ಕೆ ಕರೆಯುವುದಿಲ್ಲವೇನೋ ಎಂಬ ಹೆದರಿಕೆ. ನನಗೆ ನಿಮ್ಮ ಮಗನ ಮೇಲೆ ಅಧಿಕಾರವಿಲ್ಲ, ಅವರನ್ನು ವಾಪಸು ಕಳಿಸಿ ಎಂದು ಕೇಳುತ್ತಿಲ್ಲ. ಅವರು ಬರುವುದಾದರೆ ಬರಲಿ, ಸಾಲಿನ ಆ ತುದಿಯಲ್ಲಿ ನಿಲ್ಲಲಿ. ನನ್ನನ್ನೂ ಚೋಟುವನ್ನೂ ಎಂದಿನ ಹಾಗೆ ನಿಮ್ಮ ಎಡಗಡೆ ನಿಲ್ಲಿಸಿಕೊಳ್ಳಿ. ಅದೊಂದೇ ನಾನು ಕೇಳುವುದು. ಗಂಡ ಬಿಟ್ಟು ಹೋದ ಎಂದು ನಾನು ಆ ಮನೆಯವಳಲ್ಲ ಎಂದಾಗಬಾರದು. ಚೋಟುವಿಗೂ ಹಾಗೆ ಅನ್ನಿಸಬಾರದು.

ಇಪ್ಪತ್ತನಾಲ್ಕರ ಬೆಳಿಗ್ಗೆ ಬರುತ್ತೇವೆ.

ನಿಮ್ಮ ಸೊಸೆ

ಡಿಸೆಂಬರ್ 15

ಸೊಸೆಗೆ,

ಪತ್ರ ಓದಿದೆ. ಎರಡು ಕಡೆಯ ಮಾತನ್ನೂ ಕೇಳಿದ್ದೇನೆ. ಯಾರದು ಎಷ್ಟು ಎಂದು ತೂಗುವ ಕಾಲ ಇದಲ್ಲ, ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ.

ಈ ವರ್ಷ ನೀವು ಬರುವುದು ಬೇಡ. ಬಸ್ಸುಗಳಲ್ಲಿ ನೂಕುನುಗ್ಗಲು, ಮಗುವಿಗೆ ಚಳಿ ಆಗುವುದಿಲ್ಲ. ಇಲ್ಲಿ ಎಲ್ಲರಿಗೂ ನಿನಗೆ ಆಸ್ಪತ್ರೆಯಲ್ಲಿ ಡ್ಯೂಟಿ ಎಂದು ಹೇಳುತ್ತೇನೆ. ಜನ ನಂಬುತ್ತಾರೆ. ಹೋದ ವರ್ಷವೂ ಹಾಗೇ ಆಗಿತ್ತಲ್ಲ.

ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಒಂದು ಹಬ್ಬಕ್ಕೆ ಅವನು ಈ ಬಾಗಿಲು ತುಳಿಯದಿದ್ದರೆ ಮುಂದೆ ಯಾವ ಹಬ್ಬಕ್ಕೂ ತುಳಿಯುವುದಿಲ್ಲ. ಅವನ ಅಪ್ಪನ ಹಟವೇ ಅವನಿಗೂ ಬಂದಿದೆ. ಮೊದಲು ಅವನು ಸಾಲಿಗೆ ಬರಲಿ. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ. ನಾನು ಹೇಳಿದ್ದು ನಡೆಯದೆ ಹೋದದ್ದು ಈ ಮನೆಯಲ್ಲಿ ಕಡಿಮೆ. ನಿನಗೆ ತಾಳ್ಮೆ ಬೇಕು ಅಷ್ಟೆ.

ಚೋಟುವಿನ ಫ್ರಾಕನ್ನು ಪಾರ್ಸೆಲ್ ಮಾಡಿದ್ದೇನೆ. ನಿನ್ನ ಗೌನು ಇಲ್ಲಿರಲಿ, ಗುಂಡಿ ಇನ್ನೂ ಹಾಕಿಲ್ಲ.

ಅತ್ತೆ

ಡಿಸೆಂಬರ್ 20

ಅತ್ತೆಯವರಿಗೆ,

ಪಾರ್ಸೆಲ್ ತಲುಪಿತು. ಫ್ರಾಕು ಸರಿಯಾಗಿದೆ. ಲೇಸು ಚೆನ್ನಾಗಿದೆ.

ನೀವು ಸುಳ್ಳು ಹೇಳುವುದು ನನಗೆ ಬೇಡ. ಹೆಡ್ ನರ್ಸಿನ ಹತ್ತಿರ ಹೋಗಿ ಕ್ರಿಸ್‌ಮಸ್ ದಿನದ ಡ್ಯೂಟಿ ಹಾಕಿಸಿಕೊಂಡು ಬಂದೆ. ಅವರು ನನ್ನ ಮುಖ ನೋಡಿ ಪಟ್ಟಿಯಲ್ಲಿ ಹೆಸರು ಬರೆದರು. ಈಗ ನೀವು ಪಾದ್ರಿಯವರ ಹೆಂಡತಿಗೆ ಧೈರ್ಯವಾಗಿ ಹೇಳಬಹುದು.

ಯಾಕೆ ಹೋಗುವುದಿಲ್ಲ ಎಂದು ಚೋಟು ಕೇಳಿದಳು. "ಅಜ್ಜಿಗೆ ತುಂಬಾ ಕೆಲಸ ಕಣೇ" ಎಂದೆ. "ಹಾಗಾದ್ರೆ ನಾವು ಹೋಗಿ ಗುಂಡಿ ಹಾಕಿ ಕೊಡೋಣ" ಎಂದಳು.

ನಮಸ್ಕಾರ.

ಡಿಸೆಂಬರ್ 27

ಸೊಸೆಗೆ,

ಹಬ್ಬ ಚೆನ್ನಾಗಿ ಆಯಿತು. ಸಾಲು ತುಂಬಿತ್ತು. ನಾವು ಒಳಗೆ ನಡೆದಾಗ ಎಂದಿನ ಹಾಗೆ ಜನ ತಿರುಗಿ ನೋಡಿದರು. ಹಸಿರಿನ ಹೊಳಪು ಮೇಣದಬತ್ತಿಗಳ ಬೆಳಕಿಗೆ ಎದ್ದು ಕಾಣುತ್ತಿತ್ತು. ನಿನ್ನ ಡ್ಯೂಟಿಯ ವಿಷಯ ಹೇಳಿದೆ. ಪಾದ್ರಿಯವರ ಹೆಂಡತಿ, "ಪಾಪ, ಅವಳದು ಪುಣ್ಯದ ಕೆಲಸ" ಎಂದರು. ಹೋದ ವರ್ಷ ಕೇಳಿದ ಹಾಗೆ ಕೇಳಲಿಲ್ಲ.

ನಿನ್ನ ಗಂಡ ಬಂದಿದ್ದ. ಷರ್ಟು ಸರಿಯಾಗಿ ಕೂತಿತ್ತು.

ಮೊದಲ ಹಾಡಿಗೆ ನನ್ನ ದನಿ ಏಳಲಿಲ್ಲ. ಧೂಳಿಗೆ ಇರಬೇಕು. ಡಿಸೆಂಬರ್ ಇಡೀ ನೂಲಿನ ಧೂಳು ಕುಡಿದರೆ ಇನ್ನೇನಾಗುತ್ತದೆ?

ಜನವರಿ ಕೊನೆಗೆ ಅಂಗಡಿಯಲ್ಲಿ ಕೆಲಸ ಕಡಿಮೆ. ಆಗ ಚೋಟುವನ್ನು ಕರೆದುಕೊಂಡು ಬಾ. ನಾಲ್ಕು ದಿನ ಇದ್ದು ಹೋಗಿ. ಕ್ರಿಸ್‌ಮಸ್ ಒಂದೇ ಹಬ್ಬವಲ್ಲ. ಈಸ್ಟರ್‌ಗೆ ನಿನ್ನನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ.

ನಿನ್ನ ಅತ್ತೆ

ಜನವರಿ 6

ದೊಡ್ಡಮ್ಮನವರಿಗೆ,

ಚರ್ಚಿನ ಮೆಟ್ಟಿಲ ಮೇಲೆ ತೆಗೆದ ಫೋಟೋವನ್ನು ಅಕ್ಕ ಕಳಿಸಿದ್ದಾರೆ. ಹಿಂದುಗಡೆ, "ಸೊಸೆ ಬದಲಾದಳು, ಗೌನು ಬದಲಾಗಲಿಲ್ಲ" ಎಂದು ಬರೆದಿದ್ದಾರೆ. ಅವರಿಗೆ ತಮಾಷೆ.

ಸಾಲು ತುಂಬಿತ್ತು ಎಂದು ನೀವು ಬರೆದದ್ದು ಸುಳ್ಳಲ್ಲ. ನಿಮ್ಮ ಎಡಗಡೆ, ನಾನು ನಿಲ್ಲುವ ಜಾಗದಲ್ಲಿ, ನನ್ನ ಗೌನು ಹಾಕಿಕೊಂಡು ಆ ಹೆಂಗಸು ನಿಂತಿದ್ದಾಳೆ. ನನಗಿಂತ ದಪ್ಪ. ಬಗಲಿನಿಂದ ಸೊಂಟದವರೆಗೆ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದೀರಿ. ನನ್ನ ಅಳತೆಯ ಗೆರೆ ಹಾಗೇ ಉಳಿದಿದೆ. ಆ ಬಟ್ಟೆ ಅಂಥದ್ದು ಎಂದು ನೀವೇ ಬರೆದಿದ್ದಿರಿ. ನಿಮ್ಮ ಕೈಯಿಂದ ಹೊರಗೆ ಹೋಗುವ ಬಟ್ಟೆಯಲ್ಲಿ ಅಂಥ ಗುರುತು ನಾನು ಎಂದೂ ನೋಡಿರಲಿಲ್ಲ. ಅದನ್ನು ನೋಡುತ್ತ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಮೈಗೆ ಸರಿಯಾಗದ ಬಟ್ಟೆಯೊಳಗೆ ನಿಂತವರ ಮುಖ ಹೇಗಿರುತ್ತದೋ ಹಾಗಿತ್ತು ಅವಳದು.

ಇಲ್ಲಿಯ ಹಬ್ಬದ ವಿಷಯವನ್ನೂ ಹೇಳುತ್ತೇನೆ. ಚೋಟುವನ್ನು ವಾರ್ಡಿಗೆ ಕರೆದುಕೊಂಡು ಹೋಗಿದ್ದೆ. ಹಸಿರು ಫ್ರಾಕು ಹಾಕಿಕೊಂಡು ಮಂಚಗಳ ನಡುವೆ ನಿಂತು ನೀವು ಕಲಿಸಿದ ಹಾಡು ಹಾಡಿದಳು. ಕಾಲಿಗೆ ಕಟ್ಟು ಹಾಕಿಸಿಕೊಂಡ ಒಬ್ಬ ಹುಡುಗ, "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಬಿಡಲಿಲ್ಲ. ಆ ದಿನ ನನ್ನ ಅಂಚು ನೋಡುವವರು ಯಾರೂ ಇರಲಿಲ್ಲ. ಯೂನಿಫಾರ್ಮಿನ ಮೇಲೆ ಔಷಧಿ ಚೆಲ್ಲಿತ್ತು, ಹಾಗೇ ಕೂತು ಊಟ ಮಾಡಿದೆ. ಖುಷಿಯಾಗಿದ್ದೆ. ಖುಷಿಯಾಗಿದ್ದೇನೆ ಎಂದು ಗೊತ್ತಾದಾಗ ಅಳು ಬಂತು.

ಮನೆಗೆ ಬಂದು ಚೋಟುವಿಗೆ ಅವಳ ಅಪ್ಪನ ವಿಷಯ ಹೇಳಿದೆ. ನಿಮ್ಮ ವಿಷಯವನ್ನೂ ಹೇಳಬೇಕಾಯಿತು. ಅವಳು ಕೇಳಿದ್ದು ಒಂದೇ ಮಾತು: "ಅಜ್ಜಿಗೆ ಗೊತ್ತಿತ್ತಾ?"

ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ. ಅಲ್ಲಿ ಇರಲು ಮನೆಯನ್ನೂ ಕೊಡುತ್ತಾರೆ. ಈ ಲಕೋಟೆಯ ಹಿಂದೆ ವಿಳಾಸ ಬರೆದಿಲ್ಲ. ಮರೆತಿದ್ದಲ್ಲ.

ಚೋಟುವಿನ ತಾಯಿ

ಜನವರಿ 24

ಚೋಟುವಿನ ತಾಯಿಗೆ,

ನೀನು ಹಾಗೆ ಸಹಿ ಹಾಕಿದ್ದರಿಂದ ನಾನೂ ಹಾಗೇ ಬರೆದಿದ್ದೇನೆ. ದೊಡ್ಡಮ್ಮ ಎಂದು ನನ್ನನ್ನು ಗಿರಾಕಿಗಳು ಕರೆಯುತ್ತಾರೆ. ಓದಿದ ಮೇಲೆ ಅಂಗಡಿಗೆ ಬಂದವಳೊಬ್ಬಳು ಹಾಗೆ ಕರೆದಾಗ ಅವಳ ಮೇಲೆ ಸಿಡುಕಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ.

ಈ ಪತ್ರವನ್ನು ನಿನ್ನ ಹಳೆಯ ಆಸ್ಪತ್ರೆಯ ಹೆಡ್ ನರ್ಸಿನ ಹೆಸರಿಗೆ ಕಳಿಸುತ್ತಿದ್ದೇನೆ. ನಿನ್ನ ವಿಳಾಸ ಅವರಿಗೆ ಗೊತ್ತಿರುತ್ತದೆ. ಅವರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಇರಲಾರದು. ಇರಬೇಕಾಗಿಯೂ ಇಲ್ಲ, ಅಂಚೆಯಲ್ಲಿ ಹಾಕಿದರೆ ಸಾಕು.

ಹೊಲಿಗೆ ಬಿಚ್ಚಿದ್ದು ನಾನೇ. ಬೇರೆಯವರ ಕೈಗೆ ಕೊಡಲಿಲ್ಲ. ಹಬ್ಬದ ಬೆಳಿಗ್ಗೆ ಅವನು ಅವಳನ್ನು ಕರೆದುಕೊಂಡು ಬಂದ. ನಾನು ಕರೆದಿರಲಿಲ್ಲ. "ಅಮ್ಮಾ, ಇವಳಿಗೂ ಬಟ್ಟೆ ಇದ್ರೆ ನಾವು ಬರ್ತೀವಿ, ಇಲ್ಲಾಂದ್ರೆ ಇಲ್ಲಿಂದ್ಲೇ ವಾಪಸ್" ಎಂದ. ಚರ್ಚಿನ ಗಂಟೆ ಹೊಡೆಯಲು ಇನ್ನೇನು ಹೊತ್ತಿರಲಿಲ್ಲ, ದೊಡ್ಡ ಮಗನೂ ಅವನ ಹೆಂಡತಿಯೂ ಹಸಿರು ತೊಟ್ಟು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಕತ್ತರಿ ತೆಗೆದುಕೊಂಡೆ. ನೀನು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವುದಿಲ್ಲ. ನೀನು ಬೇರೆ ಏನಾದರೂ ಮಾಡುತ್ತಿದ್ದೆ.

ಅವನು ಊಟಕ್ಕೂ ನಿಲ್ಲಲಿಲ್ಲ. ಷರ್ಟನ್ನು ಕುರ್ಚಿಯ ಮೇಲೆ ಬಿಸಾಡಿ, ತಾನು ತಂದ ಅಂಗಿ ಹಾಕಿಕೊಂಡು ಹೋದ. ಅವಳು ಗೌನನ್ನು ಮಡಚಿ ಮೇಜಿನ ಮೇಲಿಟ್ಟಳು. ಅಂಚಿಗೆ ಅಂಚು ಕೂಡಿಸಿ ಚೆನ್ನಾಗಿ ಮಡಚಿದ್ದಳು. ಅದಕ್ಕೂ ನನಗೆ ಸಿಟ್ಟು ಬಂತು. ಆಮೇಲೆ ಅವನಿಂದ ಸುದ್ದಿಯಿಲ್ಲ. ದೊಡ್ಡ ಸೊಸೆ ಮುಂದಿನ ವರ್ಷದಿಂದ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬಟ್ಟೆಯನ್ನೇ ತಂದುಕೊಳ್ಳುತ್ತಾಳಂತೆ. "ಎಲ್ರೂ ಒಂದೇ ಥರ ಹಾಕ್ಕೊಳ್ಳೋದು ಶಾಲೆ ಮಕ್ಳು, ಅತ್ತೆ" ಎಂದಳು.

ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದೂ ಇಲ್ಲ. ಮುಂದಿನ ಸಾಲಿಗೆ ನೀನು ಬರಬೇಕೆಂದು ಇನ್ನು ಬರೆಯುವುದಿಲ್ಲ, ಸಾಲು ಎನ್ನುವುದೇ ಇದೆಯೋ ಇಲ್ಲವೋ ಗೊತ್ತಿಲ್ಲ. ಮಗುವಿಗೆ ಹಾಡು ಬಿಡಿಸಬೇಡ. ಅವಳು ಕೇಳಿದ ಪ್ರಶ್ನೆಗೆ ನೀನು ಏನು ಹೇಳಿದೆ ಎಂದು ಬರೆದಿಲ್ಲ. ಗೊತ್ತಿತ್ತು ಎಂದೇ ಹೇಳು.

ನೀನು ಉತ್ತರ ಬರೆಯಬೇಕೆಂದು ಇದನ್ನು ಬರೆದಿಲ್ಲ. ಲಕೋಟೆಯ ಹಿಂದೆ ನನ್ನ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ತಲುಪದಿದ್ದರೆ ಅಂಚೆಯವನು ತಂದು ಮೇಜಿನ ಮೇಲೆ ಹಾಕುತ್ತಾನೆ. ವಾಪಸು ಬಾರದಿದ್ದರೆ ನಿನ್ನ ಕೈ ಸೇರಿತು ಎಂದು ತಿಳಿದುಕೊಳ್ಳುತ್ತೇನೆ.

ಇನ್ನು ಅಂಚೆಯವನು ಅಂಗಡಿಯ ಮುಂದೆ ಹಾದುಹೋಗುವಾಗ ನಾನು ಮೆಷಿನಿನಿಂದ ತಲೆ ಎತ್ತುವುದಿಲ್ಲ.

ಅತ್ತೆ